ಆಲಿಕಲ್ಲಿನ ಸುದ್ದಿ ಯಾರೂ ಕೇಳುವುದಿಲ್ಲ

ಪಶ್ಚಿಮ ಕಾನ್ಸಾಸ್, ಮನೆಯಿಂದ
ಜೂನ್ 14, 1964, ಭಾನುವಾರ ಮಧ್ಯಾಹ್ನ

ನನ್ನ ವೆಂಡೆಲ್,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕಟಾವು ಯಂತ್ರದ ಮೇಲೆ ಕೂತು ಒಕ್ಲಹೋಮಾದವರ ಗೋಧಿ ಕೊಯ್ಯುವವನಿಗೆ ಬೆನ್ನು ನೆಟ್ಟಗಿರುವುದಾದರೂ ಹೇಗೆ! ಮುಲಾಮು ಚೀಲದ ತಳದಲ್ಲಿದೆ, ಹುಡುಕದೆ ನನ್ನನ್ನು ಬೈಯಬೇಡ. ನಾನು ಚೆನ್ನಾಗಿದ್ದೇನೆ, ಸುಸ್ತು ಅಷ್ಟೆ. ಮಾವನ ಕಣ್ಣಿಗೆ ಈಗ ಬೆಳಕು, ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಬಾಯಿ ಮಾತ್ರ ಮೊದಲಿನಂತೆಯೇ ಇದೆ.

ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಒಂದೇ ತಂತಿಗೆ ಎಂಟು ಮನೆ, ಎಂಟೂ ಮನೆಯವರು ಕಿವಿಗೊಟ್ಟು ಕೂತಿರುತ್ತಾರೆ. ಮಾವನಂತೂ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ನಮ್ಮ ಗೋಧಿ ಹೋಯಿತು, ವೆಂಡೆಲ್. ಐದನೇ ತಾರೀಖಿನ ಆಲಿಕಲ್ಲಿಗೆ ನೂರಾ ಅರವತ್ತು ಎಕರೆಯೂ ನೆಲಕಚ್ಚಿತು, ಒಂದು ತೆನೆಯೂ ನಿಂತಿಲ್ಲ. ಮಾವನಿಗೆ ಇದನ್ನು ಹೇಳಿಲ್ಲ. ಇದೇ ನನ್ನ ಕೊನೇ ಬೆಳೆ ಎಂದು ಚಳಿಗಾಲದಿಂದಲೂ ಹೇಳುತ್ತಿರುವ ಮುದುಕನಿಗೆ ಹೇಗೆ ಹೇಳಲಿ?

ಆ ಸಂಜೆ ರೇಡಿಯೋದಲ್ಲಿ ಸುಂಟರಗಾಳಿಯ ಎಚ್ಚರಿಕೆ ಬಂತು. ಮಾವನ ಕೈ ಹಿಡಿದು ನೆಲಮಾಳಿಗೆಗೆ ಇಳಿಸಿದೆ. ಸುಂಟರಗಾಳಿಯ ಸೊಂಡಿಲು ನಮ್ಮನ್ನು ಬಿಟ್ಟು ದಕ್ಷಿಣಕ್ಕೆ, ನೆರೆಯ ಅಗಾಟಾಳ ಮನೆ ಕಡೆ ಹೋಯಿತೆಂದು ಗೊತ್ತಾದಾಗ ಬದುಕಿದೆವಪ್ಪಾ ಎಂದು ನಿಟ್ಟುಸಿರು ಬಿಟ್ಟವಳು ನಾನೇ. ನಮ್ಮ ಕಡೆಯವರ ಬುದ್ಧಿಯೇ ಇಷ್ಟು, ಸೊಂಡಿಲು ಇಳಿಯದಿದ್ದರೆ ಏನೂ ಆಗಿಲ್ಲವೆಂದೇ ಅರ್ಥ. ಅಷ್ಟರಲ್ಲಿ ಮೇಲಿನ ತಗಡಿನ ಬಾಗಿಲ ಮೇಲೆ ದಡಬಡ ಸದ್ದು ಶುರುವಾಯಿತು. "ಆಲಿಕಲ್ಲೇನೇ?" ಎಂದರು. "ಸಣ್ಣದು ಮಾವ, ಬಟಾಣಿಯಷ್ಟು," ಎಂದೆ. ಮೇಲೆ ಬಂದು ನೋಡಿದರೆ ಒಂದೊಂದೂ ಕೋಳಿಮೊಟ್ಟೆ ಗಾತ್ರ. ಸುಳ್ಳು ಅಲ್ಲಿಂದ ಶುರುವಾಯಿತು.

ಅಗಾಟಾಳ ಸೂರು ಹಾರಿಹೋಯಿತು, ಅವಳ ಗೋಧಿ ಹಾಗೇ ನಿಂತಿದೆ. ನಮ್ಮದು ಉಲ್ಟಾ, ಎರಡು ಕಿಟಕಿಯ ಗಾಜು ಬಿಟ್ಟರೆ ಮನೆಗೆ ಏನೂ ಆಗಿಲ್ಲ. ಪತ್ರಿಕೆಯವರು ಬಂದು ಅವಳ ಫೋಟೋ ತೆಗೆದರು. ಇಗರ್ಜಿಯ ಹೆಂಗಸರೆಲ್ಲ ಅಡುಗೆಯ ಪಾತ್ರೆ ಹೊತ್ತು ಅವಳಲ್ಲಿಗೆ ನಡೆದರು. ನಾನೂ ಎಲೆಕೋಸು, ಮಾಂಸ ತುಂಬಿದ ಎರಡು ಡಜನ್ ಬಿಯರಾಕ್ ಬನ್ನು ಬೇಯಿಸಿಕೊಂಡು ಹೋದೆ. "ನಿಮ್ ಕಡೆ ಸುಂಟರಗಾಳಿ ಬರ್ಲಿಲ್ಲ ತಾನೆ?" ಎಂದರು. ಇಲ್ಲ ಎಂದೆ. "ಸದ್ಯ, ದೇವರು ದೊಡ್ಡವನು ಬಿಡು!" ಎಂದರು. ಹೌದೆಂದು ತಲೆಯಾಡಿಸಿ ಬಂದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆಲಿಕಲ್ಲು ಬಿದ್ದವರ ಮನೆಗೆ ಯಾರೂ ಬಿಯರಾಕ್ ತರುವುದಿಲ್ಲ.

ಮಾವ ದಿನವೂ ಜಗಲಿಯಲ್ಲಿ ಕೂತು ಪುರಾಣ ಬಿಚ್ಚುತ್ತಾರೆ: "ಸುಂಟರಗಾಳಿ ಕಳ್ಳ ಕಣೇ, ಸಿಕ್ಕಿದ್ದು ಎತ್ಕೊಂಡು ಓಡ್ತಾನೆ. ಹಿಮಗಾಳಿ ನೆಂಟ, ಮೂರು ದಿನ ಕೂತು ದನ ಎಲ್ಲ ಮುಗಿಸಿಯೇ ಏಳೋದು. ಆ ಧೂಳುಗಾಳಿ ಇತ್ತಲ್ಲ, ಮೂವತ್ತರ ದಶಕದ್ದು, ಅದು ಮನೆ ಅಳಿಯನ ಥರ ವರ್ಷಗಟ್ಟಲೆ ಝಾಂಡಾ ಹೂಡಿತ್ತು." ಕೊನೆಗೆ ಗೋಧಿ ಯಾವ ಬಣ್ಣಕ್ಕೆ ತಿರುಗಿದೆ ಎಂದು ಕೇಳುತ್ತಾರೆ. ಮೊನ್ನೆ ಜೇನಿನ ಬಣ್ಣ ಎಂದೆ, ನಿನ್ನೆ ಇನ್ನೂ ಸ್ವಲ್ಪ ಗಾಢ ಎಂದೆ. ಹೇಳಿ ಹೇಳಿ ಸೋತಿದ್ದೇನೆ.

ನಮ್ಮ ಕೊಯ್ಲಿಗೆಂದು ನೀನು ಬರಬೇಕಿಲ್ಲ. ಇಲ್ಲಿ ಕೊಯ್ಯಲು ಏನಿದೆ? ಕಟಾವಿನ ತಂಡದ ಜೊತೆ ನೆಬ್ರಾಸ್ಕಾಕ್ಕೆ, ಡಕೋಟಾಕ್ಕೆ ಹೋಗು. ನಾನು ನಿಭಾಯಿಸುತ್ತೇನೆ. ಫೋನ್ ಮಾಡಿದಾಗ ಅಪ್ಪನ ಹತ್ತಿರ ಬೆಳೆಯ ಮಾತು ಬಂದರೆ ನೀನೂ ಸುಳ್ಳೇ ಹೇಳು. ಊಟ ಬಿಡಬೇಡ, ಹುಷಾರು.

ನಿನ್ನವಳೇ ಆದ
ಲಿಯೋನಾ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಮಾವ ಗೋಡೆ ತಡವುತ್ತ ಅಡುಗೆಮನೆಗೆ ಬಂದರು. "ಗೋಧಿ ಹೋಗಿದ್ದು ಅವನಿಗೆ ಬರೆದ್ಯಾ?" ಎಂದರು. ಲಕೋಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. "ಒಂಬತ್ತು ದಿನದಿಂದ ಗಾಳಿ ಬೀಸ್ತಿದೆ, ತೆನೆ ಸದ್ದೇ ಇಲ್ಲ. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ಕಣೇ. ನೀನು ಅಷ್ಟು ಕಷ್ಟಪಟ್ಟು ಬಣ್ಣ ಹೇಳ್ತಿದ್ದೆ, ತಡೆಯೋಕೆ ಮನಸ್ಸು ಬರ್ಲಿಲ್ಲ," ಎಂದರು. ಅವರ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟೆ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಪುರಸೊತ್ತಿಲ್ಲ, ಕಾಗದವನ್ನು ಪೇಟೆಯ ಅಂಚೆಪೆಟ್ಟಿಗೆಗೆ ಹಾಕುವವರ ಗಾಡಿ ಹೊರಗೆ ನಿಂತಿದೆ. ಕೊಯ್ಯಲು ಏನೂ ಇಲ್ಲ ವೆಂಡೆಲ್, ಆದರೂ ಬಾ.