ಹನ್ನೆರಡು ಕಾಜಾ ಪಟ್ಟಿ

ಸೋಮವಾರ, ಮಾರ್ಚ್ 4

ನಮ್ಮ ಬೀದಿಯ ಏಕೈಕ ಟೈಲರಮ್ಮನೂ, ಇನ್ನು ಮೇಲೆ ವೈದ್ಯಕೀಯ ಪತ್ರಿಕೆಯೊಂದರ 'ಐವತ್ತೆಂಟು ವರ್ಷದ ಮಹಿಳೆ'ಯೂ ಆಗಲಿರುವ ನನ್ನ ಅಮ್ಮನಿಗೆ,

ಕುಶಲ ಗಿಶಲ ಎಲ್ಲ ಆಮೇಲೆ. ಮೊದಲು ಸುದ್ದಿ ಕೇಳು. ನಿನ್ನ ಕಾಯಿಲೆಯ ಬಗ್ಗೆ ನಾನು ಬರೆಯುತ್ತಿದ್ದ ಲೇಖನ ಮುಗಿಯಿತು! ನನ್ನ ಮೊದಲ ಲೇಖನ, ಮೊದಲ ಲೇಖಕಿ ನಾನೇ. ಎರಡನೆಯ ಹೆಸರು ಅಲ್ಪವಿರಾಮ ಸಾರ್ ಅವರದು. ಮರೆತಿಲ್ಲ ತಾನೇ? ಸೆಪ್ಟೆಂಬರಿನಲ್ಲಿ ಹದಿನೈದೇ ನಿಮಿಷದಲ್ಲಿ ನಿನ್ನ ಕಾಯಿಲೆಗೆ ಹೆಸರಿಟ್ಟ ನಮ್ಮ ಆಸ್ಪತ್ರೆಯ ನರರೋಗ ವಿಭಾಗದ ಮುಖ್ಯಸ್ಥರು. ನಾನು ಬರೆದ ಪ್ರತಿ ಹಾಳೆಯಲ್ಲೂ ಅಲ್ಪವಿರಾಮ ಹುಡುಕಿ ಹುಡುಕಿ ಕೆಂಪು ಪೆನ್ನಿನಲ್ಲಿ ತೆಗೆಯುತ್ತಾರೆ, ಮರುದಿನ ಅವರೇ ವಾಪಸ್ ಹಾಕುತ್ತಾರೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾತ್ರೆ ಶುರುವಾಗುವ ಮೊದಲು ಐದು ನಿಮಿಷ ಮಾತಾಡಿದರೆ ನಿನ್ನ ದನಿ ಸೋತುಹೋಗುತ್ತಿತ್ತಲ್ಲ, ಆಗ ಹಿಡಿದ ಪತ್ರದ ಚಟ ನಮ್ಮಿಬ್ಬರನ್ನೂ ಇನ್ನೂ ಬಿಟ್ಟಿಲ್ಲ.

ಲೇಖನದಲ್ಲಿ ನಿನ್ನ ಕಥೆ ಹೀಗೆ ಬರುತ್ತದೆ. ಹೊಲಿಗೆ ಕೆಲಸದ ಮಹಿಳೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋತುಬೀಳುತ್ತದೆ, ಒಂದು ಸೂಜಿ ಎರಡಾಗಿ ಕಾಣುತ್ತದೆ, ಬೆರಳು ಸೋಲುತ್ತದೆ. ನರ ಹೇಳಿದ ಮಾತನ್ನು ಸ್ನಾಯು ಕೇಳಿಸಿಕೊಳ್ಳದ ಕಾಯಿಲೆ ಇದು. ವಿಶ್ರಾಂತಿ ಕೊಟ್ಟರೆ ಸರಿಹೋಗುವುದರಿಂದ ಬೆಳಗಿನ ಹೊತ್ತು ನೋಡಿದ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಈ ಮಹಿಳೆ ಮಹಾ ಜಾಣೆ! ತಪ್ಪು ಕಣ್ಣಿನದೋ ಕೈಯದೋ ನೋಡೋಣ ಎಂದು ಒಂದು ಬಟ್ಟೆ ಪಟ್ಟಿ ತೆಗೆದುಕೊಂಡು, ಬೆಳಗಿನಿಂದ ಸಂಜೆಯವರೆಗೆ ಎರಡು ಗಂಟೆಗೊಂದರಂತೆ ಕೈಯಲ್ಲೇ ಕಾಜಾ ಹೊಲಿದು, ಕೆಳಗೆ ಗಂಟೆ ಬರೆದು, ಮೂಲೆಯಲ್ಲಿ ತಾರೀಖು ಹಾಕಿಟ್ಟಿದ್ದಾಳೆ. ಹೀಗೆ ಹನ್ನೊಂದು ದಿನ, ಹನ್ನೊಂದು ಪಟ್ಟಿ. ಎಂಟು ಗಂಟೆಯ ಕಾಜಾ ಅಚ್ಚು ಹಾಕಿದ ಹಾಗೆ, ಆರು ಗಂಟೆಯದು ಬಾಯಿಬಿಟ್ಟುಕೊಂಡಿದೆ. ಇದನ್ನು ನೋಡಿಯೇ ಸಾರ್ ಕುರ್ಚಿಯಿಂದ ಎದ್ದದ್ದು.

ಬರೆಯುವುದು ಸುಲಭವಿತ್ತಮ್ಮ. ಅದನ್ನು ಪತ್ರಿಕೆಯವರ ಅಳತೆಗೆ ತರುವುದಿದೆಯಲ್ಲ, ಆ ಕಷ್ಟ ನಿನಗೆ ಮಾತ್ರ ಅರ್ಥವಾದೀತು. ಅವರ ಸೂಚನೆಗಳೇ ಇಪ್ಪತ್ತನಾಲ್ಕು ಪುಟ. ಇಡೀ ಲೇಖನ ಸಾವಿರದ ಐನೂರು ಪದ ಮೀರಬಾರದು. ಸಾಲುಗಳ ನಡುವೆ ಎರಡರಷ್ಟು ಜಾಗ ಬಿಡಬೇಕು, ಪ್ರತಿ ಸಾಲಿಗೂ ಅಂಚಿನಲ್ಲಿ ನಂಬರು. ನಮ್ಮ ಹೆಸರುಗಳು ಬೇರೆ ಹಾಳೆಯಲ್ಲಿ ಇರಬೇಕು, ಓದಿ ತೀರ್ಪು ಕೊಡುವವರಿಗೆ ಬರೆದದ್ದು ಯಾರೆಂದು ತಿಳಿಯಬಾರದಂತೆ. ನಾನು ಆಧಾರವಾಗಿ ಹೆಸರಿಸಿದ ಹದಿನಾಲ್ಕು ಹಳೆಯ ಲೇಖನಗಳಿಗೂ ಕ್ರಮವಾಗಿ ಸಂಖ್ಯೆ ಕೊಡಬೇಕು. ಮೂರನೆಯದನ್ನು ತೆಗೆದೆನೋ, ಅಲ್ಲಿಂದ ಮುಂದೆ ಎಲ್ಲವೂ ಅದಲುಬದಲು. ಅಂಗಿಯ ಮೊದಲ ಗುಂಡಿ ತಪ್ಪು ಕಾಜಾಕ್ಕೆ ಹೋದರೆ ಕೊನೆಯವರೆಗೂ ತಪ್ಪುತ್ತದಲ್ಲ, ಹಾಗೆ. ಎರಡು ಸಲ ಅತ್ತಿದ್ದೇನೆ, ಒಂದು ಸಲ ಪ್ರಿಂಟರಿಗೆ ಒದ್ದಿದ್ದೇನೆ.

ಆದರೆ ಚಿತ್ರ ಒಂದು! ನಿನ್ನ ಹನ್ನೊಂದು ಪಟ್ಟಿಗಳನ್ನೂ ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಹಾಸಿ, ಅಳತೆ ತಿಳಿಯಲೆಂದು ಪಕ್ಕದಲ್ಲಿ ನೀನು ಕೊಟ್ಟ ಟೇಪನ್ನೇ ಇಟ್ಟು ಫೋಟೊ ತೆಗೆದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಒಂದೊಂದು ಎಳೆಯೂ ಕಾಣುತ್ತದೆ. ಕೆಳಗೆ ಕೋಷ್ಟಕ: ಮೊದಲ ಪಟ್ಟಿ ಏಪ್ರಿಲ್, ರೋಗ ಪತ್ತೆ ಸೆಪ್ಟೆಂಬರ್, ಒಟ್ಟು ಐದು ತಿಂಗಳು. ಲೇಖಕರಿಗೂ ರೋಗಿಗೂ ಸಂಬಂಧವಿದ್ದರೆ ಮುಚ್ಚಿಡದೆ ಹೇಳಬೇಕೆಂಬ ಒಂದು ಅಂಕಣವೂ ಇದೆ. 'ಮೊದಲ ಲೇಖಕಿ ರೋಗಿಯ ಮಗಳು' ಎಂದು ಹೆಮ್ಮೆಯಿಂದ ತುಂಬಿದೆ.

ಇನ್ನು ನಿನ್ನಿಂದ ಎರಡು ಕೆಲಸ. ಇದರ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕು. ಎರಡನೆಯದು, ರೋಗಿ ತನ್ನ ಅನುಭವವನ್ನು ತನ್ನದೇ ಮಾತಿನಲ್ಲಿ ಇನ್ನೂರು ಪದದೊಳಗೆ ಬರೆಯಬೇಕಂತೆ. ನೀನು ನಮ್ಮ ಮಾತಿನಲ್ಲೇ ಬರೆ, ಅವರ ಭಾಷೆಗೆ ನಾನು ತಿರುಗಿಸುತ್ತೇನೆ. ಹಳೆಯ ಪುರಾಣವೆಲ್ಲ ಬೇಡ, ಏಪ್ರಿಲಿನಿಂದ ಶುರು ಮಾಡಿದರೆ ಸಾಕು.

ಕಾಲು ನೆಲದ ಮೇಲೆ ನಿಲ್ಲದ,
ನಿನ್ನ ಗಡಿಬಿಡಿ

ಮರೆತ ಮಾತು: ಏಪ್ರಿಲಿನಿಂದಲೇ, ಅಮ್ಮ. ಪದಮಿತಿ ಬಹಳ ಕಟ್ಟುನಿಟ್ಟು.


ಶನಿವಾರ, ಮಾರ್ಚ್ 9

ಗಡಿಬಿಡಿ ಮಗಳೇ,

ಪತ್ರ ತಲುಪಿತು. ಮೂರು ಸಲ ಓದಿದೆ. ನಾಲ್ಕನೆಯ ಸಲ ಪಕ್ಕದ ಇಸ್ತ್ರಿ ಅಂಗಡಿಯವನಿಗೆ ಓದಿ ಹೇಳಿದೆ. "ಏನಕ್ಕಾ, ಕಾಜಾದ ಫೋಟೊನೂ ಹಾಕ್ತಾರಾ? ಹಾಗಿದ್ರೆ ನನ್ನ ಇಸ್ತ್ರಿದೂ ಒಂದು ಕಳಿಸು" ಎಂದು ಪ್ರಾಣ ತಿಂದ. ನನಗೂ ಒಳಗೊಳಗೇ ಹಿಗ್ಗು. ನಿನ್ನ ಶಾಲೆಯ ಯೂನಿಫಾರಮ್ಮಿಗೆ ನಾನು ಹೊಲಿದ ಕಾಜಾಗಳನ್ನು ಯಾರೂ ಫೋಟೊ ತೆಗೆಯಲಿಲ್ಲ, ಕೆಟ್ಟುಹೋದವಕ್ಕೆ ಈ ಭಾಗ್ಯ!

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇನೆ, ಲಕೋಟೆಯಲ್ಲಿದೆ. ಮುಂದೆ ಏನೇ ಬರೆದರೂ ಆ ಸಹಿ ಸಹಿಯೇ, ಅದಕ್ಕೆ ಷರತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಪಟ್ಟಿ ಹನ್ನೊಂದಲ್ಲ ಮಗಳೇ, ಹನ್ನೆರಡು.

ನೀನು ದೊಡ್ಡಾಸ್ಪತ್ರೆಯ ಕೆಲಸಕ್ಕೆ ಸೇರಿ ಮೊದಲ ಸಲ ರಜೆಯಲ್ಲಿ ಬಂದಿದ್ದೆ. ಆ ವರ್ಷದ ನವೆಂಬರ್ ಹನ್ನೆರಡು, ತಾರೀಖು ಪಟ್ಟಿಯ ಮೇಲೇ ಇದೆ. ನೀಲಿ ಬಟ್ಟೆ, ಬಿಳಿ ದಾರ. ಕಟಿಂಗ್ ಮೇಜಿನ ಹತ್ತಿರ ನಿಂತು ನಿನ್ನ ಕೈಗೆ ಕೊಟ್ಟೆ. ನೀನು ಫೋನಿನಿಂದ ಕಣ್ಣು ತೆಗೆಯದೆ ಅದನ್ನು ಕೋಟಿನ ಜೇಬಿಗೆ ತುರುಕಿದೆ. "ವಯಸ್ಸಾಯ್ತಲ್ಲಮ್ಮ, ಕನ್ನಡಕ ಬದಲಾಯಿಸ್ಕೋ. ಕಾಯಿಲೆ ಕಾಯಿಲೆ ಅಂತ ತಲೇಲಿ ತುಂಬ್ಕೊಂಡ್ರೆ ಇಲ್ಲದ್ದೂ ಬರುತ್ತೆ" ಎಂದೆ. ಡಾಕ್ಟರೇ ಹೇಳಿದ ಮೇಲೆ ಇನ್ನೇನು ಎಂದು ನಾನು ಪಟ್ಟಿ ಹೊಲಿಯುವುದನ್ನೇ ಬಿಟ್ಟೆ.

ಹದಿನೇಳು ತಿಂಗಳು ಬಿಟ್ಟಿದ್ದೆ. ಸಂಜೆ ಗಿರಾಕಿಗಳು ಬಂದರೆ ಮುಖ ತಿರುಗಿಸಿಕೊಂಡು ಅಳತೆ ತೆಗೆಯುತ್ತಿದ್ದೆ. ಮೈಗಳ್ಳಿಯಾದೆನೇನೋ, ನಾಟಕ ಆಡುತ್ತಿದ್ದೇನೇನೋ ಎಂದು ನನ್ನ ಮೇಲೆ ನನಗೇ ಅನುಮಾನ. ಏಪ್ರಿಲಿನಲ್ಲಿ ಒಂದು ಗುಟುಕು ನೀರು ಗಂಟಲಲ್ಲೇ ನಿಂತು ಉಸಿರು ಕಟ್ಟಿದಾಗ ಮತ್ತೆ ಸೂಜಿ ಹಿಡಿದೆ. ನಿಜ ಹೇಳಲೇ? ನೀರು ಸಿಕ್ಕಿಕೊಂಡದ್ದಕ್ಕಿಂತ ಆ ಅನುಮಾನವೇ ನನಗೆ ಹೆಚ್ಚು ನೋವು ಕೊಟ್ಟಿತು.

ಇದು ಜಗಳಕ್ಕೆ ಬರೆದದ್ದಲ್ಲ. ಆ ಪಟ್ಟಿ ಕಳೆದುಹೋಗಿದ್ದರೂ ಆಶ್ಚರ್ಯವಿಲ್ಲ, ನಿನ್ನ ಜೇಬಿಗೆ ಹೋದ ಯಾವ ವಸ್ತು ಉಳಿದಿದೆ? ಇನ್ನೊಂದು ಹೊಲಿದು ಕಳಿಸೋಣವೆಂದು ನಿನ್ನೆ ಕುಳಿತೂ ನೋಡಿದೆ. ಏನು ಮಾಡಲಿ, ಸಂಜೆ ಆರರ ಕಾಜಾ ಬೆಳಗಿನದರಷ್ಟೇ ಚೆನ್ನಾಗಿ ಬಂತು! ಮಾತ್ರೆ ಹಾಗೆ ಕೆಲಸ ಮಾಡುತ್ತಿದೆ. ಆ ಪಟ್ಟಿಯನ್ನು ಇನ್ನು ಹೊಲಿಯುವುದು ನನ್ನಿಂದಲೂ ಆಗದು.

ನೀನು ಕೇಳಿದ ಇನ್ನೂರು ಪದ ಬೇರೆ ಹಾಳೆಯಲ್ಲಿದೆ. ನಿನ್ನಿಷ್ಟದಂತೆ ಏಪ್ರಿಲಿನಿಂದಲೇ ಶುರು ಮಾಡಿದ್ದೇನೆ. ಆದರೆ ಮೇಲೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ, ಅದು ನಿನ್ನ ಪಾಲಿನದು. ಬರೆದರೆ ಬರೆ, ಇಲ್ಲವಾದರೆ ಕೆಳಗಿನದನ್ನು ಮೇಲಕ್ಕೆ ಎಳೆದುಕೊ.

ಹೊತ್ತು ಹೊತ್ತಿಗೆ ಊಟ ಮಾಡು. ಪ್ರಿಂಟರಿಗೆ ಒದೆಯಬೇಡ.

ಇಂತಿ,
ಐವತ್ತೆಂಟು ವರ್ಷದ ಮಹಿಳೆ


ಶುಕ್ರವಾರ, ಮಾರ್ಚ್ 15

ಅಮ್ಮಾ,

ಕಳಿಸಿಬಿಟ್ಟೆ! ಇಂದು ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಗುಂಡಿ ಒತ್ತಿದೆ. 'ನಿಮ್ಮ ಲೇಖನ ತಲುಪಿದೆ' ಎಂದು ಪರದೆಯ ಮೇಲೆ ಬಂತು.

ಪಟ್ಟಿ ಸಿಕ್ಕಿತು. ಹಳೆಯ ಕೋಟಿನ ಜೇಬಿನಲ್ಲೇ ಇತ್ತು. ನೀಲಿ ಬಟ್ಟೆ, ಬಿಳಿ ದಾರ, ನವೆಂಬರ್ ಹನ್ನೆರಡು. ಸೀದಾ ಸಾರ್ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ನನ್ನ ಬೆವರಿಳಿಸಿದರು. ಅಷ್ಟು ಬೈಗುಳದಲ್ಲಿ ಒಂದೇ ಒಂದು ಅಲ್ಪವಿರಾಮ ಇರಲಿಲ್ಲ. ಬೈದು ಮುಗಿಸಿ, ಕನ್ನಡಕ ತೆಗೆದು, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಐದೇ ತಿಂಗಳಲ್ಲಿ ಕಂಡುಹಿಡಿದ್ವಿ ಅಂತ ನಮ್ಮ ಬೆನ್ನು ನಾವೇ ತಟ್ಕೋತಿದ್ವಿ, ಅದು ಯಾರಿಗೆ ಬೇಕು? ಇಪ್ಪತ್ತೆರಡು ತಿಂಗಳು ಯಾಕಾಯ್ತು ಅಂತ ಬರಿ. ಅದನ್ನ ನಾಲ್ಕು ಜನ ಡಾಕ್ಟರು ಓದ್ಲೇಬೇಕು" ಎಂದರು.

ಆಮೇಲೆ ನೋಡಬೇಕಿತ್ತು ನಮ್ಮಿಬ್ಬರ ಓಡಾಟವನ್ನು! ಹನ್ನೆರಡು ಪಟ್ಟಿಗಳನ್ನೂ ಹಾಸಿ ಚಿತ್ರ ಒಂದನ್ನು ಮತ್ತೆ ತೆಗೆದೆವು. ಕೋಷ್ಟಕ, ಸಾರಾಂಶ, ಆಧಾರಗಳ ಸಂಖ್ಯೆ, ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದೆವು. ಒಂದು ಹೊಸ ಸಾಲು ಸೇರಿತು: 'ರೋಗಿ ಮೊದಲ ಪಟ್ಟಿಯನ್ನು ತೋರಿಸಿದ ವೈದ್ಯೆ ಅದನ್ನು ಪರೀಕ್ಷಿಸಲಿಲ್ಲ, ಆ ವೈದ್ಯೆ ಈ ಲೇಖನದ ಮೊದಲ ಲೇಖಕಿ.' ಇದರಿಂದ ಪದಮಿತಿ ದಾಟಿತು. ನಾವು ಎಷ್ಟು ಬೇಗ ಕಂಡುಹಿಡಿದೆವೆಂದು ಕೊಚ್ಚಿಕೊಂಡಿದ್ದ ಪ್ಯಾರಾವನ್ನು ಕತ್ತರಿಸಿ ಎಸೆದೆ. ಈಗ ಸರಿಯಾಗಿ ಸಾವಿರದ ನಾನೂರ ತೊಂಬತ್ತೆಂಟು.

ಭಯವಾಯಿತಮ್ಮ, ಸುಳ್ಳು ಹೇಳುವುದಿಲ್ಲ. ಇದನ್ನು ಓದಿದವರು ನನ್ನನ್ನು ಏನೆಂದುಕೊಂಡಾರು? ಆದರೆ ಆ ಸಾಲು ಟೈಪು ಮಾಡಿದ ಮೇಲೆ ಎಷ್ಟು ಹಗುರಾದೆನೆಂದರೆ ಮೂರು ಮಹಡಿ ಮೆಟ್ಟಿಲು ಓಡಿಕೊಂಡು ಇಳಿದೆ.

ನೀನು ಖಾಲಿ ಬಿಟ್ಟ ಸಾಲನ್ನೂ ತುಂಬಿದೆ. 'ನಾನು ಮೊದಲು ತೋರಿಸಿದ್ದು ನನ್ನ ಮಗಳಿಗೆ.' ಅಷ್ಟೇ. ಆಮೇಲೆ ಬರುವುದೆಲ್ಲ ನಿನ್ನ ಮಾತು, ಒಂದಕ್ಷರ ಮುಟ್ಟಿಲ್ಲ. ಸಾರ್ ಕೂಡ ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ನಿನ್ನ ಆರೋಗ್ಯ ನೋಡಿಕೊ. ಮಾತ್ರೆಯ ಹೊತ್ತು ತಪ್ಪಿಸಬೇಡ.

ನಿನ್ನದೇ,
ಮೊದಲ ಲೇಖಕಿ

ಮರೆತ ಮಾತು: ಮರೆತದ್ದಲ್ಲ. ಪಟ್ಟಿ ಕೋಟಿನ ಜೇಬಿನಲ್ಲಿ ಸಿಕ್ಕಿತೆಂದು ಮೇಲೆ ಬರೆದದ್ದು ಸುಳ್ಳು. ಅದು ಕಳೆದೇ ಇರಲಿಲ್ಲ. ಹನ್ನೊಂದು ಪಟ್ಟಿಗಳ ಫೋಟೊ ತೆಗೆದ ದಿನ ಅದು, ಅವನ್ನು ಹಾಸಿದ್ದ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಆ ತಾರೀಖು ನೋಡಲಾಗದೆ ನಾನೇ ಬೀಗ ಹಾಕಿದ್ದೆ. ಸಾರ್‌ಗೆ ಇದನ್ನು ಹೇಳಿದ್ದೇನೆ, ಬೈಗುಳ ಬಿದ್ದದ್ದು ಅದಕ್ಕೇ. ಪತ್ರಿಕೆಯವರ ಮುಂದೆ ತಪ್ಪು ಒಪ್ಪಿಕೊಂಡವಳಿಗೆ ನಿನ್ನ ಮುಂದೆ ಒಪ್ಪಿಕೊಳ್ಳಲು ಇಷ್ಟು ಹೊತ್ತು ಬೇಕಾಯಿತು. ಮೇಲಿನ ಸುಳ್ಳನ್ನು ಹೊಡೆದುಹಾಕದೆ ಬಿಟ್ಟಿದ್ದೇನೆ, ಎರಡನ್ನೂ ನೀನು ನೋಡಬೇಕು. ಇಪ್ಪತ್ತನಾಲ್ಕರ ಭಾನುವಾರ ಮೊದಲ ಬಸ್ಸಿಗೇ ಬರುತ್ತೇನೆ. ಬಟ್ಟೆ, ಸೂಜಿ ತೆಗೆದಿಟ್ಟಿರು. ಹದಿಮೂರನೆಯ ಪಟ್ಟಿಯನ್ನು ನೀನು ಹೊಲಿ. ಬೆಳಗಿನ ಎಂಟರಿಂದ ಸಂಜೆ ಆರರವರೆಗೆ ನಾನು ಎದುರಿಗೆ ಕೂತು ಒಂದೊಂದೇ ಕಾಜಾ ನೋಡುತ್ತೇನೆ.