ಮೂಲೆಯ ಹೋಳಿಗೆ

ಶಹಾಬಾದ
೯ ಜನವರಿ ೨೦೨೫

ಅಜಯಕುಮಾರ ಅವರಿಗೆ,

ಸಪ್ರೇಮ ಜೈಭೀಮ. ಹಾಗೆ ಬರೆಯುವುದು ರೂಢಿ, ಅದಕ್ಕೇ ಬರೆದೆ, ಸಿಟ್ಟೇನೂ ಇಳಿದಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನಗೆ ಅಳು ಬರುತ್ತದೆ, ಆದ್ದರಿಂದ ಕಾಗದ.

ನಿಮ್ಮ ಮೆಸೇಜು ಓದಿದೆ. ಖುರ್ಚಿಗಳ ಸೀಟು ಬಿಚ್ಚಿಸಿದ್ದೀರಿ, ಅವ್ವನ ಕೌದಿಯ ತುಂಡುಗಳನ್ನು ಮತ್ತೆ ಜೋಡಿಸಿ ಹೊಲಿಸಿದ್ದೀರಿ, ಭಾನುವಾರ ತರುತ್ತೀರಿ, ಹೋಗುವಾಗ ನಾನೂ ಅವ್ವನೂ ನಿಮ್ಮ ಜತೆ ಕಲಬುರಗಿಗೆ ಬರಬೇಕು. ಎಷ್ಟು ಸಲೀಸಾಗಿ ಬರೆದಿದ್ದೀರಿ.

ಮನೆಗಳ ಒಳಾಂಗಣ, ಖುರ್ಚಿ, ಕಪಾಟು ವಿನ್ಯಾಸ ಮಾಡುವ ನಿಮ್ಮ ಕೆಲಸವನ್ನು ನಾನು ಯಾವತ್ತೂ ಹೀಗಳೆದವಳಲ್ಲ. ಮದುವೆಯ ಹೊಸದರಲ್ಲಿ ಊಟಕ್ಕೆ ಕೂತು ಹಾಲೆಂಡಿನ ಚಿತ್ರಕಾರರ ಕಥೆ ಹೇಳುತ್ತಿದ್ದಿರಿ. ನೂರು ವರ್ಷದ ಹಿಂದೆ ಅವರು ಗಿಡ, ಮನುಷ್ಯ, ಮೋಡ ಎಲ್ಲ ಬಿಟ್ಟು ಬರೀ ಕಪ್ಪು ಗೆರೆ, ಕೆಂಪು, ಹಳದಿ, ನೀಲಿ ಚೌಕ ಬರೆದರು. ಆ ಚೌಕಗಳೇ ಇವತ್ತು ಕಪಾಟಿನ ಬಾಗಿಲಾಗಿವೆ, ಅಡುಗೆಮನೆಯ ಗೋಡೆಯಾಗಿವೆ ಅಂತ. ಜರ್ಮನಿಯ ಒಂದು ಕಲಾಶಾಲೆಯಲ್ಲಿ ಸೈಕಲ್ಲಿನ ಪೈಪು ನೋಡಿ ಉಕ್ಕಿನ ಖುರ್ಚಿ ಮಾಡಿದ್ದನ್ನು ಚಮಚ ಬಗ್ಗಿಸಿ ತೋರಿಸಿದ್ದಿರಿ. ಆ ಚಮಚ ಇನ್ನೂ ಸೊಟ್ಟಗೇ ಇದೆ. ಚಿತ್ತಾಪುರದ ವಕೀಲ ನಾಗೇಂದ್ರಪ್ಪನವರ ಮನೆ ಮಾಡಿಕೊಟ್ಟಾಗ ಅವರು, "ಲೂಡೋ ಪಟದಾಗ ಕುಂತಂಗ ಆಗ್ತದಲ್ರೀ" ಎಂದು ನಕ್ಕರು. ಆದರೂ ಒಂದು ಚೌಕ ಬದಲಿಸಲು ಬಿಡಲಿಲ್ಲ. ಅವತ್ತು ನನಗೆ ನಿಮ್ಮ ಬಗ್ಗೆ ಭಾರೀ ಹೆಮ್ಮೆಯಾಗಿತ್ತು.

ಅಪ್ಪ ಹೋದ ಮೇಲೆ ಅವ್ವನಿಗೆ ಮರೆವು ಹೆಚ್ಚಿ ನಾನು ಇಲ್ಲಿಗೆ ಬಂದು ನಿಂತದ್ದು ನಿಮ್ಮ ಒಪ್ಪಿಗೆಯಿಂದಲೇ. ಪ್ರತಿ ಭಾನುವಾರ ಬರುತ್ತಿದ್ದಿರಿ, ಅವ್ವನ ಪಕ್ಕ ಕೂತು ಉಣ್ಣುತ್ತಿದ್ದಿರಿ. ಆದರೆ ಬೆಳಗಿನ ಹೊತ್ತು ಏನಾಗುತ್ತಿತ್ತು ಎಂಬುದನ್ನು ನೀವು ನೋಡಿಲ್ಲ. ನಾನೂ ಹೇಳಿರಲಿಲ್ಲ. ಹೇಳಿದರೆ ಅದು ನಿಂತುಹೋದೀತೆಂಬ ಹೆದರಿಕೆ.

ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಅವ್ವ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದಳು. "ಕೌದಿ ಹಸ್ಕೊಂಡಿರಬಾರ್ದವ್ವಾ, ಹಸ್ದ ಕೌದಿ ಬೆಚ್ಚಗ ಇಡಂಗಿಲ್ಲ" ಅನ್ನುತ್ತಿದ್ದಳು. ಅದು ಒಣಗಿ ಸಣ್ಣ ಗಂಟಾಗುತ್ತದೆ. ಬೆಳಿಗ್ಗೆ ಎದ್ದರೆ ಅವಳ ಬೆರಳು ಮೊದಲು ಆ ಗಂಟು ಹುಡುಕುತ್ತಿತ್ತು. ಅಲ್ಲಿಂದ ಮೇಲೆ ಸರಿದರೆ ಅಪ್ಪನ ಹಳೆಯ ಚೌಕಳಿ ಅಂಗಿಯ ತುಂಡು, ಅದರ ಪಕ್ಕ ನನ್ನ ಸಾಲಿಯ ನೀಲಿ ಸ್ಕರ್ಟಿನದು. ಅಲ್ಲಿ ಬೆರಳು ನಿಲ್ಲುತ್ತಿತ್ತು. ತಲೆ ಎತ್ತಿ ನನ್ನ ಮುಖ ನೋಡಿ, "ಯಶಿ, ಯಾವಾಗ ಬಂದಿಯೇ?" ಅನ್ನುತ್ತಿದ್ದಳು. ದಿನಾ ಬೆಳಿಗ್ಗೆ ನಾನು ಅವಳಿಗೆ ಹೊಸದಾಗಿ ಮಗಳಾಗುತ್ತಿದ್ದೆ.

ದೀಪಾವಳಿಯ ಮುಂಚೆ ನೀವು "ಡ್ರೈಕ್ಲೀನ್ ಮಾಡಿಸ್ಕೊಂಡು ತರ್ತೀನಿ" ಅಂತ ಕೌದಿ ಒಯ್ದಿರಿ. ಆಮೇಲೆ ಕಲಬುರಗಿಯ ನಿಮ್ಮ ಪ್ರದರ್ಶನಕ್ಕೆ ನನ್ನನ್ನು ಕರೆಸಿದಿರಿ. ಬಿಳಿ ಗೋಡೆ, ಉಕ್ಕಿನ ಪೈಪಿನ ಖುರ್ಚಿ, ಬಣ್ಣಬಣ್ಣದ ಸೀಟು. ಬಂದವರಿಗೆಲ್ಲ "ಹಾಲೆಂಡಿನವ್ರು ಬರ್ದಿದ್ದು ನಮ್ಮ ಮನ್ಯಾಗೇ ಹಾಸಿಗಿ ಮ್ಯಾಲಿತ್ತು ನೋಡ್ರಿ" ಎಂದು ಹೇಳುತ್ತಿದ್ದಿರಿ. ನಿಜ ಹೇಳುತ್ತೇನೆ, ದೂರದಿಂದ ಆ ಖುರ್ಚಿಗಳು ನನಗೂ ಚಂದ ಕಂಡವು. ಹೋಗಿ ಒಂದರ ಮೇಲೆ ಕೂತೆ. ಕೈಯೂರಿದ ಕಡೆ ಇಂಕಿನ ಕಲೆ ಕಂಡಿತು. ಆರನೇ ಇಯತ್ತೆಯಲ್ಲಿ ನಾನೇ ಚೆಲ್ಲಿಕೊಂಡ ಇಂಕು. ನಾನು ನನ್ನ ಸ್ಕರ್ಟಿನ ಮೇಲೇ ಕೂತಿದ್ದೆ.

ಮೂಲೆ ಎಲ್ಲಿ ಎಂದು ಕೇಳಿದೆ. "ಅಲ್ಲೇನೋ ಗಂಟು ಕಟ್ಟಿತ್ತು, ಸೀಟು ಸಮ ಕೂಡ್ತಿರಲಿಲ್ಲ, ಕತ್ತರಿಸಿ ಒಗದೀನಿ" ಅಂದಿರಿ. ನಿಮ್ಮ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ.

ಈಗ ಅವ್ವನಿಗೆ ಅಂಗಡಿಯ ರಗ್ಗು ಹೊದಿಸುತ್ತೇನೆ. ಬೆಳಿಗ್ಗೆ ಅವಳ ಬೆರಳು ಒಂದು ಮೂಲೆ ನೋಡುತ್ತದೆ, ಇನ್ನೊಂದು ನೋಡುತ್ತದೆ, ನಾಲ್ಕೂ ಮುಗಿದ ಮೇಲೆ ಸುಮ್ಮನಾಗುತ್ತದೆ. ಪಕ್ಕದ ಮನೆಯ ಲಕ್ಷ್ಮಿ ಹೋಳಿಗೆ ಮಾಡಿಕೊಟ್ಟಳು, ರಗ್ಗಿನ ಮೂಲೆಗೆ ಹೊಲಿದು ನೋಡಿದೆ. ಗಂಟು ಸಿಕ್ಕಿದಾಗ ಅವ್ವನ ಮುಖ ಅರಳಿತು. ಬೆರಳು ಮೇಲೆ ಸರಿಯಿತು. ಅಲ್ಲಿ ಅಪ್ಪನೂ ಇರಲಿಲ್ಲ, ನಾನೂ ಇರಲಿಲ್ಲ. ನನ್ನ ಕಡೆ ತಿರುಗಿ ಭಾಳ ಮರ್ಯಾದೆಯಿಂದ "ಬರ್ರಿ, ಕುಂದ್ರಿ. ಯಾರ ಪೈಕಿ ನೀವು?" ಎಂದಳು. ಹೆತ್ತ ತಾಯಿಯ ಬಾಯಲ್ಲಿ "ರಿ" ಕೇಳುವುದು ಎಂಥದ್ದು ಅಂತ ನಿಮಗೆ ಹೇಗೆ ತಿಳಿಸಲಿ?

ಜೋಡಿಸಿದ ಕೌದಿಯಲ್ಲಿ ನೀಲಿ ತುಂಡು ಎಲ್ಲಿ ಬಂದಿದೆಯೋ ನನಗೆ ಗೊತ್ತಿಲ್ಲ. ಬಣ್ಣಕ್ಕೆ ಬಣ್ಣ ಹೊಂದುವ ಕಡೆ ನೀವು ಇಟ್ಟಿರುತ್ತೀರಿ, ನಿಮ್ಮ ಕಣ್ಣು ಹಾಗೆ. ಆದರೂ ಕಳಿಸಿ. ಲಾಲಪ್ಪನ ಟೆಂಪೋ ಕಲಬುರಗಿಯಿಂದ ವಾಡಿಗೆ ಹೋಗುವಾಗ ಇಲ್ಲಿ ನಿಲ್ಲುತ್ತದೆ, ಅವನ ಕೈಗೆ ಕೊಡಿ. ಬಿಚ್ಚಿ ಹಳೆಯ ಹಾಗೆ ಹೊಲಿಯುತ್ತೇನೆ, ನನಗೆ ನೆನಪಿದ್ದಷ್ಟು. ನೀವು ಮಾತ್ರ ಬರಬೇಡಿ. ನಾನು ಕಲಬುರಗಿಗೆ ಯಾವಾಗ ಬರುತ್ತೇನೆ ಅಂತಲೂ ಕೇಳಬೇಡಿ.

ಚಳಿ ಜೋರಿದೆ. ಸ್ವೆಟರು ಮೇಲಿನ ಕಪಾಟಿನಲ್ಲಿದೆ.

ಇಂತಿ,
ಯಶೋಧರಾ

ತಾ.ಕ.: ಬರಬೇಡಿ ಅಂದದ್ದು ಬರೀ ಸಿಟ್ಟಿಗಲ್ಲ. ಅವ್ವ ನಿಮ್ಮನ್ನು ಮರೆತಿಲ್ಲ. ತಾಟಿನ ಮುಂದೆ ಕೂತಾಗಲೆಲ್ಲ "ನಮ್ಮ ಅಜಯಪ್ಪ ಉಂಡಾನೇನ್ರಿ?" ಅಂತ ನನ್ನನ್ನೇ ಕೇಳುತ್ತಾಳೆ. ಉಂಡಾರ ಅನ್ನುತ್ತೇನೆ, ಆಮೇಲೆ ತುತ್ತು ಎತ್ತುತ್ತಾಳೆ. ಭಾನುವಾರ ನೀವು ಬಾಗಿಲಲ್ಲಿ ನಿಂತರೆ ಅವಳು ನಿಮ್ಮ ಹೆಸರು ಹಿಡಿದು ಕರೆಯುತ್ತಾಳೆ. ನನಗೆ, "ಜರಾ ಬಾಜೂ ಸರೀರಿ, ನಮ್ಮ ಮನಿ ಮಂದಿ ಬಂದಾರ" ಅನ್ನುತ್ತಾಳೆ.