ಮಂಜೂರ ಭಾವ ತಂದ ಸರ್ವರ್

ಮುದ್ದೇಬಿಹಾಳ
೨೨ ನವೆಂಬರ್ ೨೦೨೫

ಪ್ರೀತಿಯ ಸುಗ್ರಾ ಅಕ್ಕನಿಗೆ,

ನಿನ್ನ ತಂಗಿ ಗುಲನಾಜಳ ಸಲಾಂ. ನಿನ್ನ ಸೊಂಟನೋವು ಈಗ ಹೇಗಿದೆ? ತುಂಬಿದ ಕೊಡ ಎತ್ತಬಾರದು ಎಂದು ಡಾಕ್ಟರು ಹೇಳಿದ್ದನ್ನು ನಿನ್ನ ಅತ್ತೆಗೆ ಇನ್ನೊಮ್ಮೆ ಹೇಳು, ಸಂಕೋಚ ಮಾಡಬೇಡ. ನಿನ್ನ ಮಗಳು ಸಣ್ಣಾಕಿಯ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ಅವ್ವ ಆರಾಮಿದ್ದಾಳೆ. ಅಬ್ಬಾನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿಚಪಲ ಮಾತ್ರ ಹತೋಟಿಗೆ ಬಂದಿಲ್ಲ. ನಿನ್ನೆ ಬಾಲೂಷಾ ಕದ್ದು ತಿನ್ನುವಾಗ ಅವ್ವನ ಕೈಗೆ ಸಿಕ್ಕಿಬಿದ್ದರು. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಮೆಸೇಜುಗಳನ್ನು ನಿನಗಿಂತ ಮೊದಲು ಮಂಜೂರ ಭಾವ ಓದುತ್ತಾರೆ. ನಾನು ಹೇಳಬೇಕಾದದ್ದು ಅವರ ವಿಷಯವೇ. ಅದಕ್ಕೆ, ಮೊಮ್ಮಗನ ತೊಟ್ಟಿಲಿಗೆಂದು ಸಿಂದಗಿಗೆ ಹೊರಟಿರುವ ಪಕ್ಕದ ಮನೆಯ ಜೋಹರಾಬಿ ಚಿಕ್ಕಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ಹೊಸ ಸರ್ವರ್ ಕೊಳ್ಳುತ್ತಾರೆ ಎಂದು ನಿನಗೆ ಹೇಳಿದ್ದೆನಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಶಾಖೆಗಳಲ್ಲಿ ತೆಗೆದ ಚಿತ್ರಗಳೆಲ್ಲ ಇಲ್ಲಿಗೆ ಬರುತ್ತವೆ, ಆನಂದತೀರ್ಥ ಡಾಕ್ಟರು ಇಲ್ಲಿಯೇ ಕೂತು ನೋಡಿ ರಿಪೋರ್ಟು ಬರೆಯುತ್ತಾರೆ. ಇಷ್ಟು ದಿನ ಆ ಭಾರವನ್ನೆಲ್ಲ ಟೇಬಲ್ಲಿನ ಕೆಳಗಿನ ಒಂದು ಸಾದಾ ಕಂಪ್ಯೂಟರ್ ಹೊತ್ತಿತ್ತು. ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ತಲೆಗೆ ಪೆಟ್ಟಾಗಿದ್ದ ಒಬ್ಬ ಹೆಂಗಸಿನ ಸ್ಕ್ಯಾನು ಇಂಡಿಯಿಂದ ಬರುವಾಗ ಅರ್ಧಕ್ಕೇ ನಿಂತುಬಿಟ್ಟಿತು. ಡಾಕ್ಟರು ಅರ್ಧ ತಲೆಯ ಚಿತ್ರ ನೋಡುತ್ತ ಕೈ ಹಿಸುಕಿಕೊಂಡರು. ಅವಳನ್ನು ಆ ಗಳಿಗೆಯಲ್ಲಿ ವಿಜಯಪುರಕ್ಕೆ ಒಯ್ಯಬೇಕೋ ಬೇಡವೋ ಎಂದು ಹೇಳುವವರೇ ಇರಲಿಲ್ಲ. ಕೊನೆಗೆ ಅಲ್ಲಿಯವರು ಪರದೆಯ ಫೋಟೊ ತೆಗೆದು ಮೊಬೈಲಿಗೆ ಕಳಿಸಿದರು. ಹೆಂಗಸು ಉಳಿದಳು. ಅದೇ ದಿನ ಡಾಕ್ಟರು, ಕಂಪ್ಯೂಟರುಗಳ ಜವಾಬ್ದಾರಿ ನನ್ನದೆಂದು, ನನ್ನನ್ನು ಕರೆದು, 'ಯಾವುದು ಬೇಕೋ ನೀನ ನೋಡಿ ಆರಿಸವಾ. ಸೋವಿ ಯಾವುದು ಅಂತ ನೋಡಬ್ಯಾಡ, ಹಿಂಗ ನಡುವ ನಿಂದರಬಾರ್ದು ಅಷ್ಟ,' ಎಂದರು.

ನನಗೆ ಎಷ್ಟು ಹಿಗ್ಗಾಗಿತ್ತು ಅಂತೀ. ರ್‍ಯಾಕ್ ಸರ್ವರ್ ಎಂದರೆ ಉದ್ದನೆಯ ಚಪ್ಪಟೆ ಪೆಟ್ಟಿಗೆ, ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ. ಹೊರಗಿನಿಂದ ಎಲ್ಲ ಒಂದೇ ಥರ. ನೀನು ಅಂಗಡಿಯವನ ಕೈಲಿ ಸೀರೆಯ ಮಡಿಕೆ ಬಿಚ್ಚಿಸಿ ಬಿಚ್ಚಿಸಿ ನೋಡುತ್ತೀಯಲ್ಲ, ನಾನು ಹಾಗೆ ಕೂತು ನೋಡಿದೆ. ಕರೆಂಟು ತೆಗೆದುಕೊಳ್ಳುವ ಭಾಗ ಎರಡಿರಬೇಕು, ಒಂದು ಸುಟ್ಟರೆ ಇನ್ನೊಂದು ನಡೆಸಬೇಕು. ಒಂದು ಚಿತ್ರ ಎರಡು ಡಿಸ್ಕಿನಲ್ಲಿ ಉಳಿಯಬೇಕು, ಕೆಟ್ಟ ಡಿಸ್ಕನ್ನು ಯಂತ್ರ ನಿಲ್ಲಿಸದೆ ಎಳೆದು ಬದಲಿಸುವಂತಿರಬೇಕು. ನಾಲ್ಕೂ ಊರಿನವರು ಒಮ್ಮೆಲೇ ಮೇಲೆ ಬಿದ್ದರೂ ತಡೆಯುವಷ್ಟು ಮೆಮೊರಿ, ಮುಂದೆ ಹಾಕಲಿಕ್ಕೆ ಖಾಲಿ ಜಾಗ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಬೇಸಿಗೆಯಲ್ಲಿ ಕೆಟ್ಟರೆ ಅದೇ ದಿನ ಬಂದು ನೋಡುವ ಎಂಜಿನಿಯರ್ ವಿಜಯಪುರದಲ್ಲೇ ಇರಬೇಕು. ಅಂಥದ್ದೊಂದು ಸಿಕ್ಕಿತು. ಆ ಖುಷಿಯಲ್ಲಿ ಅದರ ಮಾಡೆಲ್ ಹೆಸರು ಸಮೇತ ನಿನಗೆ ಫೋನಿನಲ್ಲಿ ಹೇಳಿದೆ.

ಆ ವಾರವೇ ಮಂಜೂರ ಭಾವ ಇಂಡಿಯ ನಿಂಬೆಹಣ್ಣಿನ ಚೀಲ ಹಿಡಿದು ಸೆಂಟರಿಗೆ ಬಂದರು. ನನ್ನನ್ನು ನೋಡಲಿಕ್ಕೆ ಬಂದಿದ್ದಾರೆ ಎಂದು ಚಹಾ ತರಿಸಿದೆ. ಅವರು ಚಹಾ ಕುಡಿದು ನೆಟ್ಟಗೆ ಮ್ಯಾನೇಜರ್ ಗೋವಿಂದರಾವ್ ಅವರ ರೂಮಿಗೆ ಹೋದರು. ಅದೇ ಮಾಡೆಲ್ಲು, ಸೀಲು ಒಡೆಯದ ಹೊಸ ಯಂತ್ರ, ತಾನೇ ಕೊಡುತ್ತೇನೆ ಎಂದರಂತೆ. ಮೊಬೈಲಿನ ಕವರು, ಚಾರ್ಜರು ಮಾರುವವರು ಸರ್ವರ್ ಯಾವಾಗ ಮಾರಲು ಹಿಡಿದರೋ. ನಾನು ಡಾಕ್ಟರಿಗೆ, 'ಅವರು ನಮ್ಮ ಅಕ್ಕನ ಗಂಡ ಅದಾರ್ರಿ. ಇದರಾಗ ನಾ ಮಾತಾಡಾಂಗಿಲ್ಲ,' ಎಂದು ಹೇಳಿ ಹಿಂದೆ ಸರಿದೆ. ಗೋವಿಂದರಾವ್ ಭಾವನ ಜೊತೆ ಆಲಮಟ್ಟಿಗೆ ಹೋಗಿ ಮೀನು ತಿಂದು ಬಂದರು, ಆರ್ಡರು ಭಾವನಿಗೇ ಹೋಯಿತು. ಮನೆಯಲ್ಲಿ ಮೀನು ಮುಟ್ಟದ ಗೋವಿಂದರಾವ್, ಬಾಯಿವಾಸನೆ ಮರೆಸಲು ಏಲಕ್ಕಿ ಜಗಿಯುತ್ತ ಬಂದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೋದ ವಾರ ಯಂತ್ರ ಬಂತು. ಪೆಟ್ಟಿಗೆ ಹೊಸದು, ಸೀಲೂ ಹೊಸದು. ಬಿಚ್ಚಿದ ಕೂಡಲೇ ಮುಚ್ಚಿಟ್ಟ ಗೋದಾಮಿನ ವಾಸನೆ ಮೂಗಿಗೆ ಹೊಡೆಯಿತು. ಮೇಲಿನ ಮುಚ್ಚಳ ತೆಗೆದೆ. ಅಕ್ಕಾ, ಫ್ಯಾನಿನ ರೆಕ್ಕೆಗಳಿಗೆ ಕಂಬಳಿಯ ಹಾಗೆ ಧೂಳು ಮೆತ್ತಿತ್ತು. ಮೂಲೆಯಲ್ಲಿ ಜಿರಳೆಯ ತತ್ತಿಯ ಸಿಪ್ಪೆ, ಇಲಿಯ ಹಿಕ್ಕೆ, ತಂತಿಗಳ ನಡುವೆ ಯಾರೋ ತಿಂದು ತುರುಕಿದ ಗುಟ್ಕಾ ಚೀಟು. ಮುಂದಿನ ಫಲಕವೊಂದನ್ನು ಮಾತ್ರ ಬದಲಿಸಿ ಉಜ್ಜಿ ಹೊಳಪು ಮಾಡಿದ್ದರು. ಕೈಯನ್ನು ಎಷ್ಟು ಸಲ ಸಾಬೂನು ಹಾಕಿ ತೊಳೆದರೂ ಆ ವಾಸನೆ ಹೋಗಲಿಲ್ಲ.

ಅಷ್ಟೇ ಆಗಿದ್ದರೆ ಧೂಳು ಎಂದು ಬಿಟ್ಟೇನು. ಚಾಲೂ ಮಾಡಿ ಡಿಸ್ಕು ನೋಡಿದರೆ ಒಳಗೆ ಇನ್ನಾವುದೋ ಊರಿನ ಆಸ್ಪತ್ರೆಯ ರೋಗಿಗಳೆಲ್ಲ ಹಾಗೇ ಇದ್ದರು. ಹೆಸರು, ವಯಸ್ಸು, ಫೋನ್ ನಂಬರು, ಸ್ಕ್ಯಾನಿನ ಚಿತ್ರ. ನನ್ನ ಕಣ್ಣೆದುರಿಗೆ ತೆರೆದುಕೊಂಡದ್ದು ಒಬ್ಬ ಬಸುರಿಯ ಚಿತ್ರ. ಕೂಸಿನ ಎದೆ ಬಡಿತ ನಿಂತಿದೆ ಎಂದು ಕೆಳಗೆ ಬರೆದಿತ್ತು. ಆ ತಾಯಿ ತನ್ನ ಗಂಡನಿಗಾದರೂ ಅದನ್ನು ಹೇಗೆ ಹೇಳಿದ್ದಳೋ. ಆ ಚಿತ್ರವಿದ್ದ ಯಂತ್ರವನ್ನು ಗುಜರಿಯವನು ತೂಗಿ ಕೊಂಡು, ಅವನಿಂದ ಭಾವ ಕೊಂಡು, ನನ್ನ ಟೇಬಲ್ಲಿಗೆ ತಂದಿಟ್ಟಿದ್ದರು. ನಾನು ಪರದೆ ಆರಿಸಿ ಭಾವನನ್ನು ಕರೆಸಿದೆ, ಬಂದ ಮೇಲೆ ಮತ್ತೆ ಹಚ್ಚಿ ತೋರಿಸಿದೆ. ಅವರು ಬಗ್ಗಿ ನೋಡಿ ನಕ್ಕರು. 'ಅಳಿಸಿ ಒಗಿ ಗುಲನಾಜ. ಯಾವಾಕಿನೋ ಏನೋ, ಬಂದು ಕೇಳ್ತಾಳೇನು? ಪರೀಕ್ಷಾ ಮಾಡೇನಿ, ಎಲ್ಲಾ ಬರೋಬರ್ ಐತಿ ಅಂತ ಒಂದು ಸಹಿ ಹಾಕು ಸಾಕು,' ಎಂದರು. ಆ ನಗುವಿನ ನಂತರ ಅವರನ್ನು ಬಹುವಚನದಲ್ಲಿ ಬರೆಯಲು ನನ್ನ ಕೈ ಏಳುತ್ತಿಲ್ಲ. ನಿನ್ನ ಗಂಡ ಎಂದು ಬರೆಯುತ್ತಿದ್ದೇನೆ. ಕೂಸು ಹೋದಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ಅತ್ತದ್ದನ್ನು ಒಮ್ಮೆ ನೋಡಿದ ಗಂಡಸು ಹಾಗೆ ಹೇಗೆ ನಗುತ್ತಾನೆ?

ನಾನು ಸಹಿ ಹಾಕಲಿಲ್ಲ. ಡಾಕ್ಟರನ್ನು ಕರೆತಂದು ಮುಚ್ಚಳದ ಒಳಗನ್ನೂ ಆ ಚಿತ್ರವನ್ನೂ ತೋರಿಸಿದೆ. ಅವರು ಸಿಟ್ಟಾಗಲಿಲ್ಲ, ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. ಆಮೇಲೆ ಯಂತ್ರವನ್ನು ತಮ್ಮ ರೂಮಿನಲ್ಲಿ ಕೀಲಿ ಹಾಕಿಸಿದರು. ಆ ಆಸ್ಪತ್ರೆಗೆ ತಾವೇ ಫೋನು ಮಾಡಿ, ನಿಮ್ಮ ರೋಗಿಗಳು ನನ್ನ ಹತ್ತಿರ ಇದ್ದಾರೆ ಎಂದು ಹೇಳಿದರು. ಮೊದಲು ನಾನು ಆರಿಸಿದ್ದ ಸರ್ವರ್ ವಿಜಯಪುರದಿಂದ ಮೊನ್ನೆ ಬಂದು ಕೂತಿದೆ. ಇಂಡಿಯ ಚಿತ್ರ ಡಾಕ್ಟರು ಕನ್ನಡಕ ಏರಿಸುವುದರೊಳಗೆ ಪೂರ್ತಿ ಬಂತು. ಎಲ್ಲರೂ ಪೇಢೆ ತಿಂದರು. ನನಗೆ ಬಾಯಿಗಿಡಲು ಆಗಲಿಲ್ಲ. ಪೇಢೆ ತರಿಸಿದವರು ಗೋವಿಂದರಾವ್. 'ನನಗ ಮೊದಲ ಸಂಶೇ ಇತ್ತರಿ,' ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾರೆ. ರಿಸೆಪ್ಶನ್ನಿನವರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ. ನಿಲ್ಲಿಸಲಿ.

ಅವ್ವ, ಅಬ್ಬಾ ಇಬ್ಬರೂ ನಿನಗೆ ದುವಾ ಹೇಳಿದ್ದಾರೆ. ಸಣ್ಣಾಕಿಯ ಗಲ್ಲಕ್ಕೆ ನನ್ನದೊಂದು ಮುತ್ತು. ನಿನ್ನ ಅತ್ತೆಗೆ ಸಲಾಂ ತಿಳಿಸುವುದು ಬೇಡ, ಕಾಗದ ಬಂದದ್ದು ಗೊತ್ತಾಗುತ್ತದೆ.

ನಿನ್ನ ಗುಲ್ಲು

ಇದನ್ನು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಡಾಕ್ಟರನ್ನು ಕರೆಯಲು ನಾನು ಹೊರಟಾಗ ನಿನ್ನ ಗಂಡ ಮೆಟ್ಟಿಲ ಮೇಲೆ ಅಡ್ಡ ನಿಂತು, 'ಹೋಗು, ಹೇಳು. ಕಂಪನಿ ನಿಮ್ಮ ಅಕ್ಕನ ಹೆಸರಿನಾಗ ಐತಿ. ಪೊಲೀಸರು ಬಂದ್ರ ಆಕಿನ್ನ ಕರಕೊಂಡು ಹೋಗ್ತಾರ,' ಎಂದ. ಸಾಲದ ಕಾಗದ, ರೇಷನ್ ಕಾಗದ ಎಂದು ಹೇಳಿ ನಿನ್ನ ಕೈಲಿ ಸಹಿ ಮಾಡಿಸಿಕೊಂಡದ್ದು ಇದಕ್ಕೇ ಇರಬೇಕು. ಡಾಕ್ಟರಿಗೆ ಅದನ್ನೂ ಹೇಳಿದ್ದೇನೆ. ಸೋಮವಾರ ಅವರು ಕಂಪ್ಲೇಂಟ್ ಕೊಡುತ್ತಾರೆ, ಅದಕ್ಕೆ ಮೊದಲು ನೀನೇ ಬಂದು ನನಗೇನೂ ಗೊತ್ತಿರಲಿಲ್ಲ ಎಂದು ಹೇಳಬೇಕು, ವಕೀಲರಿಗೂ ಮಾತಾಡಿ ಇಟ್ಟಿದ್ದಾರೆ. ಜೋಹರಾಬಿ ಚಿಕ್ಕಮ್ಮ ನಾಳೆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುತ್ತಾಳೆ. ಅವಳ ಜೊತೆ ಹೊರಡು, ಸಣ್ಣಾಕಿಯನ್ನು ಕರೆದುಕೊ. ನಿನ್ನ ಆಧಾರ್ ಕಾರ್ಡು ಅವನ ಹತ್ತಿರ ಇದ್ದರೆ ಇರಲಿ, ಕೇಳಲಿಕ್ಕೆ ಹೋಗಬೇಡ. ನೀನು ಬಾ.